ಹಂಸ ಕಾಣದವರಿಗೆ ಹಂಸದ ಪಾಠ

ಹಲವು ವರ್ಷಗಳ ಹಿಂದಿನ ಮಾತು. ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ವಾರಕ್ಕೆ ಎರಡು ದಿನ ತರ್ಕಶಾಸ್ತ್ರವನ್ನು ಬೋಧಿಸುವ ಅವಕಾಶ ನನಗೆ ಒದಗಿತ್ತು. ಗುರುಮಠದಲ್ಲಿ ನಾನು ಪ್ರೀತಿಯಿಂದ ಕಲಿತ ಶಾಸ್ತ್ರವದು. ಅಲ್ಲಿ ಬರೆದುಕೊಂಡ ಟಿಪ್ಪಣಿಗಳು ನನ್ನ ಬಳಿ ಭದ್ರವಾಗಿದ್ದವು. ಅವುಗಳ ಆಧಾರದ ಮೇಲೆಯೇ ಪಾಠ ಸಾಗುತ್ತಿತ್ತು.

ಅನುಗಮನದ ಅಧ್ಯಾಯ ಬಂದ ದಿನ, ತರ್ಕದ ಪುಸ್ತಕಗಳಲ್ಲಿ ಬಹುಕಾಲದಿಂದ ನಡೆದು ಬಂದಿರುವ ಉದಾಹರಣೆಯನ್ನೇ ಹೇಳಿದೆ. ತಾವು ಕಂಡ ಹಂಸಗಳೆಲ್ಲ ಬಿಳಿಯಾಗಿದ್ದುದರಿಂದ ಯೂರೋಪಿನ ಜನ ಹಂಸಗಳೆಲ್ಲವೂ ಬಿಳಿಯೇ ಎಂದು ಶತಮಾನಗಳ ಕಾಲ ನಂಬಿದ್ದರು. 1697ರಲ್ಲಿ ಡಚ್ ನಾವಿಕರು ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿ ಕಪ್ಪು ಹಂಸಗಳನ್ನು ಕಂಡರು. ಆ ಒಂದು ನೋಟದಿಂದ ಸಾವಿರಾರು ನೋಟಗಳ ಮೇಲೆ ಕಟ್ಟಿದ್ದ ತೀರ್ಮಾನ ಕುಸಿಯಿತು. ಪಾಠ ಸೊಗಸಾಗಿ ಮುಗಿಯಿತೆಂದು ನಾನು ಭಾವಿಸಿದ್ದಾಗ, ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

“ಫಾದರ್, ಹಂಸ ನಾವ್ಯಾರೂ ನೋಡಿಲ್ರಿ. ಅದು ಬಿಳಿ ಇದ್ದರೇನು, ಕರಿ ಇದ್ದರೇನ್ರಿ?”

ತರಗತಿ ನಕ್ಕಿತು. ನಾನೂ ನಕ್ಕು ಮುಂದಿನ ಪುಟಕ್ಕೆ ಹೋದೆ.

ಆಂತರಿಕ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅನುತ್ತೀರ್ಣರಾದರು. ಪ್ರಾಂಶುಪಾಲರು ಕಾರಣ ಕೇಳಿದಾಗ ನನ್ನ ಬಾಯಿಂದ ಸಿದ್ಧ ಉತ್ತರವೇ ಬಂತು: “ಮಕ್ಕಳಿಗೆ ಅಡಿಪಾಯವೇ ಇಲ್ಲ ಸರ್.” ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯೊಂದರಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ, ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗನಾದ ಒಬ್ಬ ಹುಡುಗ ಆ ಪರೀಕ್ಷೆಯ ನಂತರ ಬರುವುದನ್ನು ನಿಲ್ಲಿಸಿದ. ಅವನು ನನ್ನ ವಿಷಯವೊಂದರಲ್ಲೇ ಬಿದ್ದವನಲ್ಲ. ಆದರೆ ನನ್ನದರಲ್ಲಿಯೂ ಬಿದ್ದಿದ್ದ. “ಓದುವ ಮನಸ್ಸಿಲ್ಲ” ಎಂದು ಅಧ್ಯಾಪಕರ ಕೊಠಡಿಯಲ್ಲಿ ಒಬ್ಬರು ಹೇಳಿದರು, ನಾನು ತಲೆಯಾಡಿಸಿದೆ. ಅಂದು ತಲೆಯಾಡಿಸಿದ್ದು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ವಿದ್ಯಾರ್ಥಿ ಕಲಿಯದೆ ಹೋದಾಗ ತಪ್ಪು ಯಾರದು? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಆಡಳಿತದ ಪ್ರಶ್ನೆಯೆಂದು, ಫಲಿತಾಂಶದ ಪ್ರಶ್ನೆಯೆಂದು ತಿಳಿಯುತ್ತೇವೆ. ಮೂಲತಃ ಇದು ನೈತಿಕ ಪ್ರಶ್ನೆ.

ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1910ರಷ್ಟು ಹಿಂದೆಯೇ ಬೋಧನೆಯನ್ನು ವ್ಯಾಪಾರಕ್ಕೆ ಹೋಲಿಸಿದ್ದರು. ಯಾರೂ ಕೊಳ್ಳದಿರುವಾಗ ಮಾರಿದೆನೆಂದು ಹೇಳಲಾಗದು. ಹಾಗೆಯೇ ಯಾರೂ ಕಲಿಯದಿರುವಾಗ ಕಲಿಸಿದೆನೆಂದು ಹೇಳಲಾಗದು ಎಂಬುದು ಅವರ ವಾದದ ಸಾರ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಚೀಲ ಇಳಿಸಿದ ಮಾತ್ರಕ್ಕೆ ಮಾಲು ಮಾರಾಟವಾಗುವುದಿಲ್ಲ. ಆದರೆ ಈ ಹೋಲಿಕೆಯನ್ನು ಕೊನೆಯವರೆಗೆ ಎಳೆಯಲಾಗದು. ಮೆಣಸಿನಕಾಯಿಯಂತೆ ಜ್ಞಾನವು ಒಬ್ಬರ ಚೀಲದಿಂದ ಇನ್ನೊಬ್ಬರ ಚೀಲಕ್ಕೆ ಸುರಿಯುವ ವಸ್ತುವಲ್ಲ. ಸಂತ ಅಗಸ್ಟೀನರು ಸುಮಾರು 389ರಲ್ಲಿ ಗುರುವನ್ನು ಕುರಿತು ಬರೆದ ಸಂವಾದದಲ್ಲಿ ಇದನ್ನೇ ಚರ್ಚಿಸಿದ್ದಾರೆ. ಗುರುವಿನ ಮಾತುಗಳು ಸಂಕೇತಗಳು ಮಾತ್ರ. ಸತ್ಯವನ್ನು ಕಾಣುವವನು ಶಿಷ್ಯನೇ, ಕಾಣುವುದು ತನ್ನೊಳಗಿನ ಬೆಳಕಿನಲ್ಲಿ. ಸಂತ ಥಾಮಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸಿದರು. ದೇಹ ತನ್ನ ಪ್ರಕೃತಿಯ ಬಲದಿಂದಲೇ ಗುಣ ಹೊಂದುತ್ತದೆ. ವೈದ್ಯನು ಅದಕ್ಕೆ ನೆರವಾಗುತ್ತಾನೆ.

ಹಾಗಾದರೆ ಕಲಿಯದ ವಿದ್ಯಾರ್ಥಿಯ ವಿಷಯದಲ್ಲಿ ಗುರು ನಿರ್ದೋಷಿಯೇ? ಅಲ್ಲ. ದೇಹವೇ ಗುಣ ಹೊಂದಬೇಕೆಂಬುದು ನಿಜವಾದರೂ, ರೋಗಿಯನ್ನು ಪರೀಕ್ಷಿಸದೆ ಔಷಧ ಬರೆದ ವೈದ್ಯನನ್ನು ನಾವು ಕ್ಷಮಿಸುವುದಿಲ್ಲ. ಕಲಿಕೆ ಕಲಿಯುವವನ ಸ್ವಾತಂತ್ರ್ಯಕ್ಕೆ ಸೇರಿದ್ದು. ಕಲಿಕೆಯ ದಾರಿಯನ್ನು ಸಿದ್ಧಪಡಿಸುವುದು ಕಲಿಸುವವನ ಹೊಣೆ. ಆ ದಾರಿ ನಡೆಯುವಂತಿತ್ತೇ ಎಂದು ನೋಡದೆ, ನಡೆಯಲಾರದವನ ಕಾಲನ್ನು ದೂರುವುದು ಅನ್ಯಾಯ. ನಾನು ಮಾಡಿದ್ದು ಆ ಅನ್ಯಾಯವನ್ನೇ.

ಈ ದಾರಿಯನ್ನು ಸಿದ್ಧಪಡಿಸುವುದನ್ನೇ ವೃತ್ತಿಯಾಗಿಸಿಕೊಂಡವರು ಇಂದು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿದ್ದಾರೆ. ಅವರನ್ನು ಇನ್‌ಸ್ಟ್ರಕ್ಷನಲ್ ಡಿಸೈನರ್ ಎನ್ನುತ್ತಾರೆ. ಕನ್ನಡದಲ್ಲಿ ಬೋಧನಾ ವಿನ್ಯಾಸಕರು ಎನ್ನಬಹುದು. ಈ ವೃತ್ತಿಯ ಬೇರುಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿವೆ. ಲಕ್ಷಾಂತರ ಹೊಸ ಸೈನಿಕರಿಗೆ ಅಲ್ಪಾವಧಿಯಲ್ಲಿ ತರಬೇತಿ ಕೊಡಬೇಕಾದಾಗ ಅಮೆರಿಕದ ಸೇನೆ ಮನೋವಿಜ್ಞಾನಿಗಳ ನೆರವು ಪಡೆಯಿತು. ಅವರಲ್ಲೊಬ್ಬರಾದ ರಾಬರ್ಟ್ ಗಾನ್ಯೆ 1965ರಲ್ಲಿ ಕಲಿಕೆಗೆ ಬೇಕಾದ ಸನ್ನಿವೇಶಗಳನ್ನು ಕುರಿತು ಪ್ರಸಿದ್ಧ ಗ್ರಂಥವೊಂದನ್ನು ಬರೆದರು. ಅದಕ್ಕೂ ಮುಂಚೆ, 1956ರಲ್ಲಿ, ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು ಕಲಿಕೆಯ ಗುರಿಗಳನ್ನು ನೆನಪಿನಿಂದ ಹಿಡಿದು ಮೌಲ್ಯಮಾಪನದವರೆಗೆ ಮೆಟ್ಟಿಲುಗಳಾಗಿ ವಿಂಗಡಿಸಿದ್ದರು. 1975ರಲ್ಲಿ ಫ್ಲೋರಿಡಾ ರಾಜ್ಯ ವಿಶ್ವವಿದ್ಯಾಲಯವು ಸೇನೆಗಾಗಿ ರೂಪಿಸಿದ ಕ್ರಮದಿಂದ ವಿಶ್ಲೇಷಣೆ, ವಿನ್ಯಾಸ, ರಚನೆ, ಅನುಷ್ಠಾನ, ಮೌಲ್ಯಮಾಪನ ಎಂಬ ಐದು ಹಂತಗಳು ಬಳಕೆಗೆ ಬಂದವು.

ನಮ್ಮ ದೇಶದಲ್ಲಿ ಈ ಕೆಲಸ ಮೊದಲು ಚೆನ್ನಾಗಿ ಬೇರೂರಿದ್ದು ದೂರಶಿಕ್ಷಣದಲ್ಲಿ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪಠ್ಯಗಳನ್ನು ಓದಿದವರಿಗೆ ನೆನಪಿರಬಹುದು: ಪ್ರತಿ ಘಟಕದ ಆರಂಭದಲ್ಲಿ ಉದ್ದೇಶಗಳು, ನಡುನಡುವೆ ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ ಎಂಬ ಪ್ರಶ್ನೆಗಳು, ಕೊನೆಗೆ ಉತ್ತರಗಳು. ಅಂಚೆಯಲ್ಲಿ ಪುಸ್ತಕ ಪಡೆದು ಒಂಟಿಯಾಗಿ ಓದುವವನ ಮುಖವನ್ನು ಊಹಿಸಿಕೊಂಡು ಯಾರೋ ಆ ಪ್ರಶ್ನೆಗಳನ್ನು ಅಲ್ಲಿ ಇಟ್ಟಿದ್ದರು. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಅದೇ ದಾರಿಯಲ್ಲಿ ನಡೆಯಿತು. 2017ರಲ್ಲಿ ಬಂದ ಸ್ವಯಂ ವೇದಿಕೆಯಲ್ಲಿ ಪ್ರತಿ ಕೋರ್ಸಿಗೂ ದೃಶ್ಯಪಾಠ, ಓದುವ ಸಾಮಗ್ರಿ, ಚರ್ಚೆಗೆ ಅವಕಾಶ, ಸ್ವಪರೀಕ್ಷೆ ಎಂಬ ನಾಲ್ಕು ಅಂಗಗಳಿರಬೇಕು. 2020ರ ಕೊರೋನಾ ಕಾಲದಲ್ಲಿ ಹಳ್ಳಿಯ ಮಕ್ಕಳ ಕೈಯ ಫೋನೇ ತರಗತಿಯಾದಾಗ, ಪಾಠವನ್ನು ಹೇಗೆ ಜೋಡಿಸಬೇಕೆಂಬ ಚಿಂತೆ ಎಲ್ಲ ಅಧ್ಯಾಪಕರ ಮನೆಬಾಗಿಲಿಗೂ ಬಂತು.

ಈ ವೃತ್ತಿಯನ್ನು ನಾನು ಅರಿತದ್ದು ಪುಸ್ತಕಗಳಿಂದಲ್ಲ. ಆ ಪರೀಕ್ಷೆಯ ಮರುವರ್ಷ, ದೂರಶಿಕ್ಷಣದ ಪಾಠಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ಪಳಗಿದ್ದ ಒಬ್ಬ ಅಧ್ಯಾಪಕಿಯ ಮುಂದೆ ನನ್ನ ಟಿಪ್ಪಣಿಗಳನ್ನು ಇಟ್ಟೆ. ಅವರಿಗೆ ತರ್ಕಶಾಸ್ತ್ರ ಗೊತ್ತಿರಲಿಲ್ಲ. ಮೊದಲು ಅದನ್ನು ಕೊರತೆಯೆಂದು ತಿಳಿದೆ.

“ಈ ಪಾಠ ಮುಗಿದ ಮೇಲೆ ವಿದ್ಯಾರ್ಥಿ ಏನು ಮಾಡಬಲ್ಲವನಾಗಬೇಕು, ಫಾದರ್?” ಎಂದು ಕೇಳಿದರು.

“ಅನುಗಮನ ಎಂದರೇನೆಂದು ತಿಳಿಯಬೇಕು.”

“ತಿಳಿದಿದೆ ಎಂಬುದು ನಿಮಗೆ ಹೇಗೆ ಗೊತ್ತಾಗುತ್ತದೆ?”

“ವ್ಯಾಖ್ಯೆಯನ್ನು ಬರೆಯುತ್ತಾನೆ.”

“ವ್ಯಾಖ್ಯೆಯನ್ನು ಅರ್ಥವಾಗದವನೂ ಬರೆಯಬಹುದಲ್ಲವೇ?”

ನಾನು ಮೌನವಾದೆ. ನನ್ನ ವಿದ್ಯಾರ್ಥಿಗಳು ಯಾವ ಊರಿನವರು, ಅವರ ಮನೆಯಲ್ಲಿ ಏನು ಕೆಲಸ, ದಿನವೂ ಯಾವ ಬಗೆಯ ತೀರ್ಮಾನಗಳನ್ನು ಮಾಡುತ್ತಾರೆ ಎಂದು ಅವರು ಕೇಳುತ್ತಾ ಹೋದರು. ಅರ್ಧಕ್ಕರ್ಧ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಟಿಪ್ಪಣಿಗಳ ಬಹುಭಾಗದ ಮೇಲೆ ಪೆನ್ಸಿಲಿನ ಗೆರೆ ಬಿದ್ದಿತ್ತು. ಅವರು ಅಂದು ಮಾಡಿದ್ದು ಇಷ್ಟೇ: ಆ ಕೊಠಡಿಯಲ್ಲಿ ಇಲ್ಲದ ವಿದ್ಯಾರ್ಥಿಯ ಪರವಾಗಿ ಮಾತನಾಡಿದರು. ವಿಷಯ ಬಲ್ಲವನು ಮರೆತುಹೋಗಿರುವ ಸಂಗತಿಯೊಂದಿದೆ. ತಿಳಿಯದಿರುವುದು ಹೇಗಿರುತ್ತದೆ ಎಂಬುದು. ವಿನ್ಯಾಸಕರು ಅದನ್ನು ನೆನಪಿಸುತ್ತಾರೆ. ಅವರಿಗೆ ತರ್ಕ ಗೊತ್ತಿಲ್ಲದಿದ್ದುದು ಅಂದು ಕೊರತೆಯಾಗದೆ ವಿದ್ಯಾರ್ಥಿಯ ಪಾಲಿಗೆ ಕಾವಲಾಯಿತು.

ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಡದಲ್ಲಿ ಚೌಡಯ್ಯದಾನಪುರವಿದೆ. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನೊಡನೆ ಬೆಸೆದುಕೊಂಡ ಊರು. ಅಲ್ಲಿ ಹೊಳೆಯ ದಡದಲ್ಲಿ ನಿಂತಾಗಲೆಲ್ಲ ಅಂಬಿಗನ ಕಾಯಕ ನನ್ನ ಕಣ್ಣ ಮುಂದೆ ಬರುತ್ತದೆ. ಅಂಬಿಗನು ಮೂರನ್ನು ಬಲ್ಲವನಾಗಿರಬೇಕು. ಪ್ರಯಾಣಿಕ ನಿಂತಿರುವ ದಡ ಯಾವುದು? ಅವನು ತಲುಪಬೇಕಾದ ದಡ ಯಾವುದು? ನಡುವಿನ ನೀರಿನ ಸೆಳವು ಎಲ್ಲಿದೆ? ಪ್ರಯಾಣಿಕ ಇಳಿದು ಗಟ್ಟಿ ನೆಲದ ಮೇಲೆ ಕಾಲಿಟ್ಟ ಮೇಲೆಯೇ ಅವನ ಕೆಲಸ ಮುಗಿಯುತ್ತದೆ. ಬೋಧನಾ ವಿನ್ಯಾಸಕರ ಕೌಶಲಗಳೆಲ್ಲ ಇದರಲ್ಲಿ ಅಡಕವಾಗಿವೆ. ಕಲಿಯುವವನ ಪೂರ್ವಜ್ಞಾನವನ್ನು ಅರಿಯುವುದು, ಗುರಿಯನ್ನು ಸ್ಪಷ್ಟವಾಗಿ ಹೇಳುವುದು, ಎಲ್ಲಿ ಎಡವುತ್ತಾನೆಂದು ಮುಂಚಿತವಾಗಿ ಊಹಿಸಿ ಅಲ್ಲಿ ಆಸರೆ ಇಡುವುದು, ತಲುಪಿದನೇ ಎಂದು ಪರೀಕ್ಷಿಸುವುದು, ತಲುಪದಿದ್ದರೆ ಮರಳಿ ದಾರಿಯನ್ನು ತಿದ್ದುವುದು. ನಾನಾದರೋ ಎದುರು ದಡದಲ್ಲಿ ನಿಂತು “ಬನ್ನಿ” ಎಂದು ಕರೆಯುತ್ತಿದ್ದೆ.

ಮರುವರ್ಷದ ಪಾಠದಲ್ಲಿ ಹಂಸಗಳು ಇರಲಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಗಳು ಬಂದವು. ಅಲ್ಲಿನ ಅಭಯಾರಣ್ಯ 1974ರಿಂದ ಇದೆ; ಸುತ್ತಲ ಹಳ್ಳಿಗಳ ಹುಡುಗರು ಹೊಲದಲ್ಲಿ ಆ ಮೃಗಗಳನ್ನು ಕಂಡು ಓಡಿಸಿದವರು. ಹೆಸರು ಕೇಳಿದವರು, ಬಲಿತ ಗಂಡು ಮೃಗವನ್ನು ಮಾತ್ರ ನೋಡಿದವರು, ಈ ಜಾತಿಯ ಎಲ್ಲವೂ ಕಪ್ಪೆಂದು ತಿಳಿಯುತ್ತಾರೆ. ಹೆಣ್ಣುಗಳೂ ಮರಿಗಳೂ ಕಂದು ಬಣ್ಣದವು. ಕೆಲವೇ ನೋಟಗಳಿಂದ ಎಲ್ಲದರ ಬಗ್ಗೆ ಹೇಳುವುದರಲ್ಲಿರುವ ಅಪಾಯ ತರಗತಿಗೆ ಐದು ನಿಮಿಷದಲ್ಲಿ ತಿಳಿಯಿತು.

ಆಮೇಲೆ ಬ್ಯಾಡಗಿಯ ಮಾರುಕಟ್ಟೆಗೆ ಹೋದೆವು, ಮಾತಿನಲ್ಲಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೆಣಸಿನಕಾಯಿಯದು. ಖಾರ ಕಡಿಮೆ, ಬಣ್ಣ ಗಾಢ, ಸಿಪ್ಪೆ ಸುಕ್ಕುಸುಕ್ಕು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳ ವ್ಯತ್ಯಾಸವನ್ನು ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳು ನನಗೇ ಕಲಿಸಿದರು. ಖರೀದಿದಾರನು ಒಂದು ಹಿಡಿ ಕಾಯಿ ತೆಗೆದುಕೊಂಡು, ಮುರಿದು, ಮೂಸಿ, ಇಡೀ ರಾಶಿಗೆ ದರ ಬರೆಯುತ್ತಾನೆ. “ಇದು ಅನುಗಮನವೇ?” ಎಂದು ಕೇಳಿದೆ. ಚರ್ಚೆ ಬಿಸಿಯಾಯಿತು. ಆಗ ಬ್ಯಾಡಗಿಯ ಕಡೆಯ ಒಬ್ಬ ಹುಡುಗ ಕೇಳಿದ:

“ಮ್ಯಾಲ ಛಲೋ ಕಾಯಿ ಹಾಕಿ ತಳದಾಗ ಬ್ಯಾರೆ ತುಂಬಿದ್ದರ ಹೆಂಗ್ರಿ ಫಾದರ್? ಹಿಡಿಯೊಳಗ ಬಂದಿದ್ದನ್ನ ನೋಡಿ ಚೀಲ ನಂಬೂದು ಹೆಂಗ?”

ಸಂಖ್ಯಾಶಾಸ್ತ್ರಜ್ಞರು ಮಾದರಿಯ ಪಕ್ಷಪಾತವೆಂದು ಕರೆಯುವುದು ಇದನ್ನೇ. ಅನುಗಮನವನ್ನು ನಂಬಲು ನಮಗೆ ಯಾವ ಆಧಾರವಿದೆ ಎಂದು 18ನೆಯ ಶತಮಾನದಲ್ಲಿ ಡೇವಿಡ್ ಹ್ಯೂಮ್ ಎತ್ತಿದ ದೊಡ್ಡ ಪ್ರಶ್ನೆಯ ಬಾಗಿಲೂ ಅದೇ. ಹುಡುಗ ಆ ಬಾಗಿಲನ್ನು ತಾನೇ ತೆರೆದಿದ್ದ. ತಳದವರೆಗೆ ಕೈ ಹಾಕಿ ನೋಡಬೇಕು, ಹಲವು ಚೀಲಗಳಿಂದ ತೆಗೆಯಬೇಕು ಎಂಬ ಪರಿಹಾರವನ್ನು ತರಗತಿಯೇ ಕಂಡುಕೊಂಡಿತು. ಅಡಿಪಾಯವಿಲ್ಲವೆಂದು ನಾನು ದೂರಿದ್ದ ಮಕ್ಕಳ ಊರುಗಳಿಂದಲೇ ಇವರೂ ಬಂದವರು.

ಭಾಷೆಯ ತೊಡಕನ್ನೂ ಇಲ್ಲಿ ಹೇಳಲೇಬೇಕು. ಹನ್ನೆರಡು ವರ್ಷ ಕನ್ನಡದಲ್ಲಿ ಓದಿದ ಮಗು ಪದವಿಗೆ ಬಂದೊಡನೆ ಅನೇಕ ವಿಷಯಗಳನ್ನು ಇಂಗ್ಲಿಷಿನಲ್ಲಿ ಎದುರಿಸುತ್ತದೆ. ಇದೇ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನು ಮುನ್ನಡೆಸಿದವರು. ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ಎತ್ತಿಹಿಡಿದ 1981ರ ವರದಿಯೂ ಅವರ ಹೆಸರಿನಿಂದಲೇ ಪ್ರಸಿದ್ಧ. ಎರಡು ಭಾಷೆಗಳನ್ನೂ ಪ್ರೀತಿಸಬಹುದೆಂಬುದಕ್ಕೆ ಅವರ ಬಾಳೇ ಸಾಕ್ಷಿ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟಲು ಸೇತುವೆ ಬೇಕು. ಪರಿಕಲ್ಪನೆಯನ್ನು ಮೊದಲು ಕನ್ನಡದಲ್ಲಿ ಗಟ್ಟಿಗೊಳಿಸಿ, ಅನಂತರ ಇಂಗ್ಲಿಷಿನ ಪದವನ್ನು ಕೊಡುವುದು, ಪಾಠದ ಪಕ್ಕದಲ್ಲೇ ಪದಪಟ್ಟಿ ಇಡುವುದು ಸಣ್ಣ ಕೆಲಸಗಳಂತೆ ಕಾಣುತ್ತವೆ. ಒಬ್ಬ ವಿದ್ಯಾರ್ಥಿ ಉಳಿಯುವುದೂ ಹೊರಟುಹೋಗುವುದೂ ಕೆಲವೊಮ್ಮೆ ಅವುಗಳಿಂದಲೇ ನಿರ್ಧಾರವಾಗುತ್ತದೆ.

ಒಳ್ಳೆಯ ವಿನ್ಯಾಸ ನಮ್ಮ ಸುತ್ತ ಇಲ್ಲವೆಂದಲ್ಲ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಕೃಷಿ ಪದವಿಯ ಅಂತಿಮ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ, ರೈತ ಕುಟುಂಬಗಳೊಡನೆ ಬೆರೆತು ಕಲಿಯುವ ಗ್ರಾಮೀಣ ಕೃಷಿ ಕಾರ್ಯಾನುಭವವೆಂಬ ಕಾರ್ಯಕ್ರಮವಿದೆ. ಮಣ್ಣನ್ನು ಪುಸ್ತಕದಲ್ಲಿ ಓದಿದವನು ಆ ಮಣ್ಣಿನ ಒಡೆಯನ ಮುಂದೆ ನಿಂತು ಮಾತನಾಡಬೇಕೆಂದು ಯಾರೋ ಯೋಚಿಸಿ ವ್ಯವಸ್ಥೆ ಮಾಡಿದ್ದಾರೆ. ವಿಜ್ಞಾನ ಕೇಂದ್ರದವರು ಹೊಸ ತಳಿಯ ಗುಣವನ್ನು ಸಭೆಯಲ್ಲಿ ವರ್ಣಿಸಿ ಸುಮ್ಮನಾಗುವುದಿಲ್ಲ. ರೈತನ ಹೊಲದಲ್ಲೇ ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತಾರೆ.

ಇಷ್ಟಾದರೂ ವಿನ್ಯಾಸವನ್ನೇ ಆರಾಧಿಸುವ ಅಪಾಯವೂ ಉಂಟು. ಮೊದಲನೆಯದು ದೂರದ ಅಪಾಯ. ಮಹಾನಗರದ ಕಚೇರಿಯಲ್ಲಿ ಕುಳಿತು ಎಲ್ಲರಿಗೂ ಒಂದೇ ಪಾಠ ರಚಿಸುವವರು ನನ್ನ ಹಂಸದ ತಪ್ಪನ್ನೇ ಬಣ್ಣದ ಚಿತ್ರಗಳೊಡನೆ ಮಾಡಬಹುದು. ಎರಡನೆಯದು ಅಳತೆಯ ಅಪಾಯ. ಅಳೆಯಬಹುದಾದದ್ದನ್ನು ಮಾತ್ರ ಗುರಿಯೆಂದು ಬರೆಯುವ ರೂಢಿ ಬೆಳೆದರೆ, ಸತ್ಯಪ್ರೀತಿ, ವಿವೇಕ, ಕರುಣೆಗಳು ಪಟ್ಟಿಯಿಂದ ಬಿಟ್ಟುಹೋಗುತ್ತವೆ. ಮಾನ್ಯತಾ ಸಮಿತಿಗಳಿಗಾಗಿ ಕಲಿಕಾ ಫಲಿತಾಂಶಗಳ ಕೋಷ್ಟಕ ತುಂಬುವಾಗ, ಒಬ್ಬ ವಿದ್ಯಾರ್ಥಿಯ ಮುಖವನ್ನೂ ನೆನೆಯದೆ ತುಂಬಿದರೆ ಅದು ವಿನ್ಯಾಸದ ಅಣಕವಾಗುತ್ತದೆ. ಮೂರನೆಯದು ಸುಲಭತೆಯ ಅಪಾಯ. ದಾರಿಯ ಮುಳ್ಳನ್ನು ತೆಗೆಯಬೇಕು ನಿಜ; ಏರನ್ನೇ ತೆಗೆದುಬಿಟ್ಟರೆ ಬೆಟ್ಟ ಹತ್ತಿದಂತಾಗುವುದಿಲ್ಲ. ಹ್ಯೂಮನ ಪ್ರಶ್ನೆ ಕಠಿಣವಾಗಿಯೇ ಉಳಿಯಬೇಕು. ಆ ಕಾಠಿಣ್ಯದ ಬುಡದವರೆಗೆ ವಿದ್ಯಾರ್ಥಿಯನ್ನು ಕರೆದೊಯ್ಯುವುದಷ್ಟೇ ನಮ್ಮ ಕೆಲಸ.

ನಾಲ್ಕನೆಯದು ಅಧ್ಯಾಪಕನ ಮನಸ್ಸಿಗೆ ಸಂಬಂಧಿಸಿದ್ದು. ಇನ್ನೊಬ್ಬರು ಹೆಣೆದ ಪಾಠವನ್ನು ಒಪ್ಪಿಸುವವನಷ್ಟೇ ತಾನಾಗುವೆನೇ ಎಂಬ ಅಳುಕು ಸಹಜ. ಸುಮಾರು 400ರಲ್ಲಿ ಕಾರ್ಥೇಜಿನ ದೇವೋಗ್ರಾತಿಯಸ್ ಎಂಬ ಸೇವಾದರ್ಶಿ, ತನ್ನ ಉಪದೇಶ ತನಗೇ ಬೇಸರ ತರಿಸುತ್ತಿದೆಯೆಂದು ಅಗಸ್ಟೀನರಲ್ಲಿ ತೋಡಿಕೊಂಡಿದ್ದ. ಉತ್ತರವಾಗಿ ಅವರು ಒಂದು ಕಿರುಹೊತ್ತಗೆಯನ್ನೇ ಬರೆದರು. ಓದಿದವರಿಗೆ ಒಂದು ಬಗೆಯಾಗಿ, ಓದದವರಿಗೆ ಇನ್ನೊಂದು ಬಗೆಯಾಗಿ ಹೇಳು. ಕೇಳುವವನು ಆಕಳಿಸಿದರೆ ಮಾತಿನ ಧಾಟಿ ಬದಲಿಸು. ನಿಂತು ದಣಿದಿದ್ದರೆ ಕೂರಲು ಆಸನ ಕೊಡು ಎಂಬಂಥ ಸಲಹೆಗಳು ಅದರಲ್ಲಿವೆ. ಎಷ್ಟೇ ಚೆನ್ನಾಗಿ ಹೆಣೆದ ಪಾಠವಾದರೂ ಆಕಳಿಕೆಯನ್ನು ಗಮನಿಸಲು ಎದುರಿಗೆ ಒಬ್ಬ ಮನುಷ್ಯ ಬೇಕು. ವಿನ್ಯಾಸಕರು ಅಧ್ಯಾಪಕನ ಜಾಗವನ್ನು ಕಸಿಯುವವರಲ್ಲ, ಅವನಿಗೆ ತನ್ನ ವಿದ್ಯಾರ್ಥಿಯನ್ನು ಮರಳಿ ತೋರಿಸುವವರು.

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಂಥ ಊರಿನ ಪದವಿ ಕಾಲೇಜುಗಳು ಬೋಧನಾ ವಿನ್ಯಾಸಕರೆಂದು ಪ್ರತ್ಯೇಕ ಹುದ್ದೆ ತೆರೆಯುವ ದಿನ ದೂರವಿರಬಹುದು. ಹುದ್ದೆ ಇಲ್ಲದಿದ್ದರೂ ಹೊಣೆ ಇದ್ದೇ ಇದೆ. ಇಬ್ಬರು ಅಧ್ಯಾಪಕರು ಒಬ್ಬರ ಪಾಠವನ್ನು ಇನ್ನೊಬ್ಬರು ಓದಿ, ಅರಿಯದವರಂತೆ ಪ್ರಶ್ನೆ ಕೇಳಬಹುದು. ತರಗತಿಯ ಕೊನೆಯ ಐದು ನಿಮಿಷದಲ್ಲಿ “ಇಂದು ತಿಳಿಯದ್ದು ಯಾವುದು?” ಎಂದು ಚೀಟಿಯಲ್ಲಿ ಬರೆಸಬಹುದು. ಅರ್ಧ ತರಗತಿ ಬಿದ್ದ ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟುಕೊಂಡು, ಮಕ್ಕಳನ್ನು ಬಯ್ಯುವ ಮುಂಚೆ ನಮ್ಮ ಪಾಠವನ್ನು ವಿಚಾರಿಸಬಹುದು. ಇವಕ್ಕೆ ಯಾವ ಅನುದಾನವೂ ಬೇಕಿಲ್ಲ. ತುಸು ನಮ್ರತೆ ಬೇಕು.

ಕಾಲೇಜು ಬಿಟ್ಟ ಆ ಹುಡುಗನನ್ನು ಕೆಲವು ವರ್ಷಗಳ ನಂತರ ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಕಂಡೆ. ವಯಸ್ಸಾದ ರೈತರೊಬ್ಬರಿಗೆ ಔಷಧದ ಪ್ರಮಾಣ ವಿವರಿಸುತ್ತಿದ್ದ. ಮೊದಲು ಹೊಲ ಎಷ್ಟು ಎಕರೆ, ನೀರಿನ ಅನುಕೂಲ ಹೇಗೆ, ಕಳೆದ ವರ್ಷ ಏನು ಹಾಕಿದ್ದಿರಿ ಎಂದು ಕೇಳಿದ. ಆಮೇಲೆ ಮುಚ್ಚಳದ ಅಳತೆಯಲ್ಲಿ ಹೇಳಿದ. ಕೊನೆಗೆ, “ಈಗ ನೀವು ಹೇಳ್ರಿ ಅಜ್ಜಾರ, ಹೆಂಗ ಹಾಕ್ತೀರಿ?” ಎಂದು ಅವರ ಬಾಯಿಂದಲೇ ಹೇಳಿಸಿದ. ಅವರು ಒಂದೆಡೆ ತಪ್ಪಿದಾಗ ನಗದೆ, ಬೇಸರಿಸದೆ, ಅಲ್ಲಿಂದಲೇ ಮತ್ತೆ ಶುರು ಮಾಡಿದ.

ನನ್ನನ್ನು ಗುರುತಿಸಿ ಕುರ್ಚಿ ಹಾಕಿ ಚಹಾ ತರಿಸಿದ. ಅಂದಿನ ಪಾಠ ಸರಿ ಇರಲಿಲ್ಲ, ತಪ್ಪು ನನ್ನದಿತ್ತು ಎಂದೆ. ಅವನು ಸಂಕೋಚದಿಂದ ನಕ್ಕ.

“ಇರ್ಲಿ ಬಿಡ್ರಿ ಫಾದರ್. ನೀವು ಛಲೋ ಹೇಳ್ತಿದ್ರಿ. ನಮಗ ತಲಿಗೆ ಹತ್ತತಿರಲಿಲ್ಲ ಅಷ್ಟ.”

ನಾವು ಅವನ ಮೇಲೆ ಹೊರಿಸಿದ ತೀರ್ಪನ್ನು ಅವನು ನಂಬಿಬಿಟ್ಟಿದ್ದ. ಪದವಿಯನ್ನು ಮುಂದೆಂದಾದರೂ ಪಡೆಯಬಹುದು. ತನ್ನ ಬಗ್ಗೆ ಅವನು ನಂಬಿಕೊಂಡದ್ದನ್ನು ಅಳಿಸುವುದು ಅಷ್ಟು ಸುಲಭವಲ್ಲ. ಪಾಠ ಹೇಳುವ ನಾವೆಲ್ಲ ನಾಳಿನ ತರಗತಿಗೆ ಹೋಗುವ ಮುಂಚೆ, ಹಿಂದಿನ ಸಾಲಿನಲ್ಲಿ ಕೂರುವವನೊಬ್ಬನ ಮುಖವನ್ನು ಒಂದು ಗಳಿಗೆ ನೆನೆಯೋಣ.